ಮೌನ ಮುರಿದ ಮಾತು

ಬೆಂಗಳೂರಿನಿಂದ ಹೊಸೂರು ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಹೊರಟವರು ನಿಮ್ಹಾನ್ಸ್ ಸಂಸ್ಥೆಯನ್ನು ದಾಟಿಯೇ ಹೋಗುತ್ತಾರೆ. ಯಾರಾದರೂ ವಿಚಿತ್ರವಾಗಿ ವರ್ತಿಸಿದರೆ ‘ನಿಮ್ಹಾನ್ಸಿಗೆ ಸೇರಿಸಬೇಕು’ ಎಂದು ನಾವು ನಗುವುದುಂಟು. ನಮ್ಮ ಮನೆಯಲ್ಲಿಯೇ ನೊಂದಿರುವ ಒಬ್ಬರ ಬಾಯನ್ನು ಆ ನಗೆ ಮುಚ್ಚಿಸುತ್ತದೆ ಎಂಬುದನ್ನು ಎಂದಾದರೂ ಯೋಚಿಸಿದ್ದೇವೆಯೇ?

ಈ ಸಂಸ್ಥೆಯ ಚರಿತ್ರೆಯೇ ಒಂದು ಪಾಠ. 1847ರ ಸುಮಾರಿಗೆ ಅದು ಹುಚ್ಚರನ್ನು ಕೂಡಿಡುವ ಮನೆಯಾಗಿ ಆರಂಭವಾಯಿತು. 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1954ರಲ್ಲಿ ಅದರೊಂದಿಗೆ ತರಬೇತಿ ಸಂಸ್ಥೆಯೊಂದು ಹುಟ್ಟಿತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಆ ದಶಕದಲ್ಲಿಯೇ ಅದರ ವೈದ್ಯರು ನಗರದ ಹೊರಗಿನ ಸಕಲವಾರ ಗ್ರಾಮದಲ್ಲಿ ಕೇಂದ್ರ ತೆರೆದರು. ಅನಂತರ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವು 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಚಿಕಿತ್ಸೆಯೇನೋ ಜನರ ಬಳಿಗೆ ಬಂದಿತು. ಆದರೆ ನಾಚಿಕೆ ಹೋಗಲಿಲ್ಲ.

ಆ ನಾಚಿಕೆಯ ಗೋಡೆಗೆ ಬಲವಾದ ಪೆಟ್ಟು ಬಿದ್ದದ್ದು 2015ರಲ್ಲಿ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ, ಹಿಂದಿನ ವರ್ಷ ತಮ್ಮನ್ನು ಖಿನ್ನತೆ ಕಾಡಿತ್ತೆಂದೂ ಆಪ್ತಸಮಾಲೋಚನೆ ಮತ್ತು ಔಷಧಿಯಿಂದ ಚೇತರಿಸಿಕೊಂಡೆನೆಂದೂ ಬಹಿರಂಗವಾಗಿ ಹೇಳಿದರು. ಕೀರ್ತಿ, ಸಂಪತ್ತು ಎಲ್ಲವೂ ಇದ್ದಾಗಲೇ ಅದು ಬಂದಿತ್ತು. ಮಗಳ ಅಳುವಿನಲ್ಲಿ ಏನೋ ಬೇರೆಯಿದೆ ಎಂದು ಮೊದಲು ಗುರುತಿಸಿದವರು ಅವರ ತಾಯಿ. ಅದೇ ವರ್ಷ ಅವರು ಸ್ಥಾಪಿಸಿದ ಸಂಸ್ಥೆಯು ಮುಂದೆ ದಾವಣಗೆರೆಯ ಗ್ರಾಮಗಳಲ್ಲಿಯೂ ಸೇವೆಗೆ ನೆರವಾಯಿತು. 2020ರಲ್ಲಿ ಕೊಡಗಿನ ಮೂಲದ ಕ್ರಿಕೆಟಿಗ ರಾಬಿನ್ ಉತ್ತಪ್ಪ, 2009ರಿಂದ 2011ರವರೆಗೆ ತಮ್ಮನ್ನು ಖಿನ್ನತೆಯೂ ಸಾವಿನ ಯೋಚನೆಗಳೂ ಕಾಡಿದ್ದನ್ನು ಹೇಳಿಕೊಂಡರು.

ಖ್ಯಾತರಿಗೆ ಹೇಳಿಕೊಳ್ಳುವುದು ಸುಲಭವಲ್ಲವೇ ಎಂದು ನೀವು ಕೇಳಬಹುದು. ನಿಜ; ವೈಟ್‌ಫೀಲ್ಡಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಯುವಕನಿಗೆ, ಪೀಣ್ಯದ ಕಾರ್ಖಾನೆಯಲ್ಲಿ ದುಡಿದು ಬಾಡಿಗೆ ಕೋಣೆಗೆ ಮರಳುವ ಯುವತಿಗೆ ಕೆಲಸ ಹೋದೀತೆಂಬ ಅಂಜಿಕೆ, ಮದುವೆ ತಪ್ಪೀತೆಂಬ ಅಂಜಿಕೆ. ಅವರು ಊರಿಗೆಲ್ಲ ಸಾರಬೇಕಿಲ್ಲ. ಒಬ್ಬರಿಗೆ ಹೇಳಿದರೆ ಸಾಕು. ಚಿಕಿತ್ಸೆ ಪಡೆಯುವ ಹಕ್ಕನ್ನೂ ಗೋಪ್ಯತೆಯನ್ನೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವರಿಗೆ ಕೊಟ್ಟಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು.

ಆದರೆ ಆ ಒಬ್ಬರು ಯಾರು? ಅಲ್ಲಿಯೇ ನಮ್ಮ ಹೊಣೆ ಇದೆ. ‘ನಿನಗೇನು ಕಡಿಮೆಯಾಗಿದೆ?’ ಎಂದು ಗದರುವ ಬದಲು ‘ನಿನಗೇನಾಗುತ್ತಿದೆ, ಹೇಳು ಮಗಾ’ ಎಂದು ಪಕ್ಕದಲ್ಲಿ ಕುಳಿತು ಕೇಳೋಣ. ವೈದ್ಯರ ಬಳಿಗೆ ಹೋಗಲು ಅಂಜಿದರೆ ಜೊತೆಗೆ ನಡೆಯೋಣ. ಖ್ಯಾತರು ಮಾತನಾಡಿ ದಾರಿ ತೋರಿದ್ದಾರೆ. ಕೇಳುವ ಕಿವಿಯಾಗುವುದು ಮನೆಯವರಾದ ನಮ್ಮ ಪಾಲಿನ ಕೆಲಸ.