ಇಂದು ರಾತ್ರಿ ಬಿಡಾರವೆಲ್ಲಿ?

ಊರು ನೋಡಲು ಹೊರಟವನನ್ನು ಕಾಡುವ ಮೊದಲ ಪ್ರಶ್ನೆ ರಾತ್ರಿಯದು. ಕೋಟೆ, ಗುಡಿ, ಸಮಾಧಿಗಳನ್ನು ಹಗಲು ಹೇಗೋ ನೋಡಿಕೊಳ್ಳಬಹುದು. ಹೊತ್ತು ಮುಳುಗಿದ ಮೇಲೆ ತಲೆ ಇಡುವುದೆಲ್ಲಿ? ಈ ಪ್ರಶ್ನೆ ಕ್ಷುಲ್ಲಕವೆಂದು ವಾಚಕರು ನಕ್ಕಾರು. ಬಹಳ ದಿನ ನಾನೂ ಹಾಗೆಯೇ ಎಣಿಸಿದ್ದೆ. ಮಲಪ್ರಭೆಯ ದಂಡೆಯ ಒಂದು ಊರು ನನ್ನ ಎಣಿಕೆಯನ್ನು ತಿದ್ದಿತು.

ಆ ಊರು ಬೈಲಹೊಂಗಲ ತಾಲೂಕಿನ ಸಂಗೊಳ್ಳಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಈ ಊರನ್ನು ಹಾಯ್ದು ಹೋಗುತ್ತಾಳೆ. ರಾಯಣ್ಣನ ಹೆಸರಿನಿಂದಾಗಿ ಸಂಗೊಳ್ಳಿಯನ್ನು ಅರಿಯದ ಕನ್ನಡಿಗನಿಲ್ಲ. ೨೦೨೪ರಲ್ಲಿ ಇಲ್ಲಿ ಆತನ ಹೆಸರಿನ ಸೈನಿಕ ಶಾಲೆಯೂ, ಆತನ ಬಾಳಿನ ಘಟನೆಗಳನ್ನು ಶಿಲ್ಪಗಳಲ್ಲಿ ತೋರುವ ಶೌರ್ಯಭೂಮಿಯೂ ಉದ್ಘಾಟನೆಯಾದವು. ಜನವರಿಯಲ್ಲಿ, ಸಂಕ್ರಮಣದ ಮುಂದೆ, ಉತ್ಸವ ನೆರೆಯುತ್ತದೆ. ನೋಡಲು ಬರುವವರು ಬಹುಮಂದಿ. ಉಳಿಯುವವರು ಬಲು ಕಡಿಮೆ. ಬೆಳಗಾವಿಯಲ್ಲಿಯೋ ಧಾರವಾಡದಲ್ಲಿಯೋ ಕೋಣೆ ಹಿಡಿದು, ಹೆದ್ದಾರಿಯ ಮಗ್ಗುಲಿನ ಕಿತ್ತೂರನ್ನು ಕಂಡು, ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಗೆ ಕೈಮುಗಿದು, ಸಂಗೊಳ್ಳಿಗೆ ಒಂದು ತಾಸು ಕೊಟ್ಟು, ದೀಪ ಹಚ್ಚುವ ಹೊತ್ತಿಗೆ ಮರಳಿ ಪೇಟೆ ಸೇರುವುದು ನಮ್ಮಂಥವರ ಪದ್ಧತಿ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ನಾನೂ ಹೀಗೆಯೇ ಮಾಡಿದೆ. ಹೊರಡುವ ಗಡಿಬಿಡಿಯಲ್ಲಿದ್ದಾಗ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, "ಹೊತ್ತ ಮುಣಿಗೇತಿ, ಎಲ್ಲಿ ಹೊಂಟ್ರಿ ಸರ? ಇಲ್ಲೇ ಇದ್ದ ಹೋಗ್ರಿ. ಪಡಸಾಲಿ ಐತಿ, ರೊಟ್ಟಿ ಅದಾವು" ಎಂದರು. ಬೆಳಗಾವಿಯಲ್ಲಿ ಕೋಣೆ ಹಿಡಿದಾಗಿದೆ, ಮುಂಗಡ ಕೊಟ್ಟಾಗಿದೆ ಎಂದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಹಗಲಿ ರಾಯಣ್ಣನ್ನ ನೋಡಾಕ ಬರ್ತೀರಿ. ರಾಯಣ್ಣ ತಿರಗಿದ್ದು ರಾತ್ರ್ಯಾಗರೀ" ಎಂದರು. ಬಸ್ಸು ಹೊರಟಿತು. ಆ ಮಾತು ಮಾತ್ರ ನನ್ನ ಸಂಗಡವೇ ಬಂದಿತು.

ಕನ್ನಡ ಕಲಿಸುವವನಾದ್ದರಿಂದ ಚಿಂತೆ ಹತ್ತಿದರೆ ನಾನು ಮೊದಲು ತೆರೆಯುವುದು ನಿಘಂಟನ್ನು. ರಾತ್ರಿ ಉಳಿಯುವ ಎಡೆಗೆ ನಮ್ಮಲ್ಲಿ ಎಷ್ಟು ಮಾತುಗಳು! ಬೀಡು, ಬಿಡಾರ, ಬಿಡದಿ ಇವೆಲ್ಲ 'ಬಿಡು' ಎಂಬ ಧಾತುವಿನ ಮಕ್ಕಳು. ನೊಗದಿಂದ ಎತ್ತು ಬಿಟ್ಟ ಜಾಗವೇ ಬಿಡಾರ ಎಂದು ನನ್ನ ಮನಸ್ಸಿಗೆ ತೋರುತ್ತದೆ. ಜೈನರ ಗುಡಿಗೆ ಹೇಳುವ 'ಬಸದಿ' ಎಂಬುದು 'ವಸತಿ' ಎಂಬುದರ ತದ್ಭವ. ದೇವರಿಗೂ ಸನ್ಯಾಸಿಗೂ ಒಂದೇ ಮಾತು ಮನೆಯಾಗಿದೆ. ಇಂಗ್ಲಿಷಿನಿಂದ ಬಂದ 'ಹೋಟೆಲ್' ನಮ್ಮಲ್ಲಿ ಉಣ್ಣುವ ಜಾಗವಾಗಿ, ಮಲಗುವುದಕ್ಕೆ 'ಲಾಡ್ಜು' ಬೇರೆಯಾಯಿತು. ಬೆಳಗಾವಿ ಧಾರವಾಡಗಳ ಕಡೆ ಊಟಕ್ಕೆ ಖಾನಾವಳಿಯೂ ಇದೆ. ಹೋಟೆಲ್ ಎಂಬುದರ ಬೇರು ಲ್ಯಾಟಿನ್ನಿನ 'ಹಾಸ್ಪೆಸ್'. ಅದಕ್ಕೆ ಅತಿಥಿ ಎಂಬ ಅರ್ಥವೂ ಉಂಟು, ಆತಿಥ್ಯ ನೀಡುವವನು ಎಂಬ ಅರ್ಥವೂ ಉಂಟು. ಬಾಗಿಲಿನ ಒಳಗಿದ್ದವನಿಗೂ ಹೊರಗಿದ್ದವನಿಗೂ ಒಂದೇ ಹೆಸರು!

ಬಿಡಾರವನ್ನು ನಾವು ಆರಿಸುತ್ತೇವೆ ಎಂಬುದು ತೀರ ಹೊಸ ಮಾತು. ಹಿಂದೆ ದಾರಿಗನಿಗೆ ಆಯ್ಕೆ ಎಲ್ಲಿತ್ತು? ಯಾರಾದರೂ ಕಟ್ಟಿಸಿದ ನೆರಳಿದ್ದರೆ ಅದೇ ಮನೆ. ಕನ್ನಡ ಶಾಸನಗಳನ್ನು ಓದಿದವರಿಗೆ ಸತ್ರಕ್ಕೆ ಬಿಟ್ಟ ಭೂಮಿ, ಬೇಸಗೆಯ ಅರವಟ್ಟಿಗೆ, ಚಳಿಗಾಲದ ಅಗ್ಗಿಷ್ಟಿಗೆಗಳ ಪರಿಚಯವಿದ್ದೀತು. ಬಳ್ಳಿಗಾವೆಯ ಕೋಡಿಮಠದ ೧೧೬೨ರ ಶಾಸನ, ಆ ಮಠವು ವೇದ ಶಾಸ್ತ್ರಗಳ ಪಾಠದ ಎಡೆಯಾಗಿದ್ದಂತೆಯೇ ದೀನರಿಗೆ, ಕುರುಡ ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನವಿಕ್ಕುವ ಎಡೆಯೂ, ರೋಗಿಗಳಿಗೆ ಮದ್ದು ಕೊಡುವ ಎಡೆಯೂ ಆಗಿತ್ತೆಂದು ಬಣ್ಣಿಸುತ್ತದೆ. ಶರಣರ ದಾಸೋಹ ಈ ದಾನಕ್ಕೆ ಬೇರೆಯ ಅರ್ಥವನ್ನು ಕೊಟ್ಟಿತು: ಕೊಡುವವನು ದೊಡ್ಡವನೆಂಬ ಭಾವವೇ ಅಲ್ಲಿ ತಪ್ಪು. ಧಾರವಾಡದ ಮುರುಘಾಮಠದ ಪ್ರಸಾದನಿಲಯದಂಥ ಕಡೆ ಉಂಡು ಮಲಗಿ ಓದಿ ಮುಂದೆ ಬಂದ ಬಡ ಹುಡುಗರ ಸಂಖ್ಯೆ ಸಣ್ಣದಲ್ಲ. ಇದು ನಮ್ಮ ದೇಶವೊಂದರ ಹೆಮ್ಮೆಯೂ ಅಲ್ಲ. ಪ್ರಾಚೀನ ಐರ್ಲೆಂಡಿನಲ್ಲಿ 'ಬ್ರಿಯುಗು' ಎಂಬ ಗೃಹಸ್ಥರಿದ್ದರು. ಬಂದವರಾರನ್ನೂ ಹಿಂದಕ್ಕೆ ಕಳಿಸದಿರುವುದೇ ಅವರ ಪದವಿಗೆ ಆಧಾರ; ಒಲೆಯ ಮೇಲಿನ ಕೊಪ್ಪರಿಗೆ ಆರಬಾರದು. ಐರ್ಲೆಂಡಿನ ಹಳೆಯ ನದೀತೀರದ ಪಟ್ಟಣಗಳಿಗೆ ಹೋಗಿ ವಿಡುದಿಮನೆ ಹುಡುಕುವ ಇಂದಿನ ಪ್ರವಾಸಿಯೂ ತಿಳಿದೋ ತಿಳಿಯದೆಯೋ ಅಂಥ ಒಲೆಯ ಬೂದಿಯ ಮೇಲೆಯೇ ನಡೆಯುತ್ತಾನೆ.

ಇನ್ನು ನಮ್ಮ ನಾಡಿಗೆ ಬರೋಣ. ಕಿತ್ತೂರಿನ ಕತೆಯನ್ನು ಬಿಡಾರಗಳ ಕತೆಯಾಗಿಯೂ ಓದಬಹುದು. ೧೮೨೪ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಹೊರಗೆ ಡೇರೆ ಹಾಕಿದ. ಕರೆಯದೆ ಬಂದ ಅತಿಥಿ. ಮನೆಯ ಬೀಗದ ಕೈಯನ್ನೇ ಕೇಳಿದ ಅತಿಥಿ. ಅಕ್ಟೋಬರ್ ೨೩ರಂದು ಕೋಟೆಯ ಬಾಗಿಲು ತೆರೆಯಿತು, ಥ್ಯಾಕರೆ ಹತನಾದ. ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬಿಬ್ಬರು ಸೆರೆ ಸಿಕ್ಕರು. ಚೆನ್ನಮ್ಮ ಅವರ ಕೂದಲು ಕೊಂಕದಂತೆ ಇರಿಸಿಕೊಂಡು, ಡಿಸೆಂಬರ್ ಮೊದಲ ವಾರದಲ್ಲಿ ಜೀವಸಹಿತ ಬಿಟ್ಟುಕೊಟ್ಟಳು. ಆ ಎಲಿಯಟ್ಟನಿಗೆ ಆಗ ಇಪ್ಪತ್ತೊಂದರ ಆಸುಪಾಸು ವಯಸ್ಸು. ಮುಂದೆ ಇದೇ ವಾಲ್ಟರ್ ಎಲಿಯಟ್ ಕನ್ನಡ ನಾಡಿನ ನೂರಾರು ಶಾಸನಗಳನ್ನು ಪ್ರತಿಮಾಡಿಸಿ, ಅವುಗಳ ಆಧಾರದಿಂದ ಬರೆದ ಲೇಖನವನ್ನು ೧೮೩೭ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ನಮ್ಮ ಸತ್ರ ಮಠಗಳ ದಾನಶಾಸನಗಳನ್ನು ಹೊರಜಗತ್ತಿಗೆ ತೋರಿದವರ ಮೊದಲ ಸಾಲಿನಲ್ಲಿ, ಆರು ವಾರ ಕಿತ್ತೂರಿನ ಸೆರೆಯಲ್ಲಿ ಉಂಡವನೊಬ್ಬನು ನಿಂತಿದ್ದಾನೆ.

ಬಿಟ್ಟುಕೊಟ್ಟವಳಿಗೆ ದೊರೆತದ್ದೇನು? ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ಚೆನ್ನಮ್ಮನಿಗೆ ಬೈಲಹೊಂಗಲದ ಕೋಟೆಯೇ ಬಿಡಾರವಾಯಿತು. ೧೮೨೯ರ ಫೆಬ್ರುವರಿಯಲ್ಲಿ ಆಕೆ ಅಲ್ಲಿಯೇ ಕಣ್ಣು ಮುಚ್ಚಿದಳು.

ಅದೇ ವರ್ಷ ರಾಯಣ್ಣ ಎದ್ದ. ಊರ ಕಾಯುವ, ಸರಕಾರದ ಕೆಲಸಕ್ಕೆ ಓಡಾಡುವ ಮನೆತನ ಆತನದು. ಹಿರಿಯರ ಶೌರ್ಯಕ್ಕೆ ಸಂದ ರಕ್ತಮಾನ್ಯದ ಹೊಲಕ್ಕೆ ಕಂಪನಿಯ ಕಂದಾಯ ಕೈ ಹಾಕಿತ್ತು. ಚೆನ್ನಮ್ಮನ ದತ್ತಕ ಮಗನನ್ನು ಮುಂದಿಟ್ಟುಕೊಂಡು, ಬೀಡಿಯ ಕಚೇರಿಯನ್ನು ಸುಟ್ಟು, ಖಾನಾಪುರದ ಕಡೆಯ ಕಾಡುಗಳಲ್ಲಿ ಇಂದು ಇಲ್ಲಿ, ನಾಳೆ ಅಲ್ಲಿ ಎಂದು ಆತ ತಿರುಗಿದ. ಅಂಥವನಿಗೆ ಬಿಡಾರದ ಆಯ್ಕೆ ಎಂದರೆ ಜೀವದ ಆಯ್ಕೆ. ಯಾವ ಊರಿನ ಯಾವ ಕದ ತೆರೆದೀತು, ಯಾವ ಕದದ ಹಿಂದೆ ಕಂಪನಿಯ ಕಿವಿ ಇದ್ದೀತು, ಪ್ರತಿ ಸಂಜೆಯೂ ಇದೇ ಲೆಕ್ಕ. ಕೊನೆಗೆ ನಂಬಿಕೆಯೇ ಮುಳುವಾಯಿತು. ೧೮೩೦ರ ಏಪ್ರಿಲಿನಲ್ಲಿ ಹಳ್ಳದಲ್ಲಿ ಮೀಯುತ್ತಿದ್ದಾಗ, ಕತ್ತಿ ಕೈಗೆ ಎಟುಕದಂತೆ ಮಾಡಿ ತನ್ನವರೇ ಹಿಡಿದುಕೊಟ್ಟರೆಂದು ಲಾವಣಿಗಳು ಹಾಡುತ್ತವೆ. ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಿದರು.

ಇತಿಹಾಸದ ಈ ಪುಟದಲ್ಲಿ ಕಾದಿದವರ ಹೆಸರುಗಳಿವೆ, ಗಲ್ಲಿಗೇರಿದವರ ಹೆಸರುಗಳಿವೆ, ಹಿಡಿದುಕೊಟ್ಟವರ ಹೆಸರನ್ನೂ ಜನ ಮರೆತಿಲ್ಲ. ಆದರೆ ಆ ತಿಂಗಳುಗಳಲ್ಲಿ ಅವನಿಗೂ ಅವನ ನೂರಾರು ಸಂಗಡಿಗರಿಗೂ ಯಾರೋ ರೊಟ್ಟಿ ಬಡಿದಿರಬೇಕಷ್ಟೆ? ಯಾರೋ ನಡುರಾತ್ರಿ ಅಗಳಿ ಸರಿಸಿರಬೇಕಷ್ಟೆ? ಅವರ ಹೆಸರೆಲ್ಲಿ?

ಇಲ್ಲಿಗೇ ನಿಲ್ಲಿಸಿದರೆ ನಮ್ಮ ಹಿಂದಿನ ಆತಿಥ್ಯವನ್ನು ಹೊಗಳಿ ಕೈತೊಳೆದುಕೊಂಡಂತಾದೀತು. ನಮ್ಮ ಬಾಗಿಲುಗಳು ಎಲ್ಲರಿಗೂ ತೆರೆಯುತ್ತಿರಲಿಲ್ಲ. ಸತ್ರದಲ್ಲಿ ಪಂಕ್ತಿಭೇದವಿತ್ತು, ಊರಾಚೆಯ ದಾರಿಗನಿಗೆ ಸತ್ರವೇ ಇರಲಿಲ್ಲ. ೧೯೧೭ರಲ್ಲಿ, ಅಮೆರಿಕೆಯಲ್ಲಿಯೂ ಲಂಡನ್ನಿನಲ್ಲಿಯೂ ಓದಿ ಬಡೋದೆಯ ಸಂಸ್ಥಾನದ ಚಾಕರಿಗೆ ಬಂದ ಅಂಬೇಡ್ಕರರಿಗೆ ಆ ಪಟ್ಟಣದಲ್ಲಿ ಮಲಗಲು ಎಡೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಿಂದ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪೊಂದು ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದಿತು. ಹಿಂದೂ ಗೆಳೆಯನೊಬ್ಬ, ಕ್ರೈಸ್ತ ಗೆಳೆಯನೊಬ್ಬ ಇಬ್ಬರೂ ನೆಪ ಹೇಳಿದರು. ರಾತ್ರಿಯ ಗಾಡಿಯ ಹೊತ್ತಾಗುವವರೆಗೆ ಆ ಮಹಾವಿದ್ವಾಂಸರು ಸಾರ್ವಜನಿಕ ಉದ್ಯಾನದಲ್ಲಿ ಕುಳಿತಿದ್ದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದ್ದರಿಂದ ಲಾಡ್ಜಿನವನು ದುಡ್ಡೆಣಿಸಿ ಬೀಗದ ಕೈ ಕೊಡುವುದನ್ನು ನಾನು ಹಗುರಾಗಿ ಕಾಣಲಾರೆ. ಆ ನಿರ್ಲಿಪ್ತತೆಯಲ್ಲಿಯೂ ಒಂದು ಘನತೆಯಿದೆ: ಕುಲ ಕೇಳದೆ ಕೋಣೆ ತೆರೆಯುವುದು. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟಗಳಿಂದ ಜಾತಿಯ ಕಾರಣಕ್ಕೆ ಯಾರನ್ನೂ ದೂರವಿಡಬಾರದೆಂದು ಅದೇ ಅಂಬೇಡ್ಕರರು ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಸಂವಿಧಾನದ ಹದಿನೈದನೆಯ ಅನುಚ್ಛೇದ ಸಾರುತ್ತದೆ. ಅದು ಜಾರಿಗೆ ಬಂದದ್ದು ೧೯೫೦ರ ಜನವರಿ ೨೬ರಂದು. ರಾಯಣ್ಣ ನಂದಗಡದಲ್ಲಿ ನೇಣಿಗೇರಿದ ದಿನಕ್ಕೆ ಸರಿಯಾಗಿ ನೂರಾಹತ್ತೊಂಬತ್ತು ವರ್ಷ! ತಾರೀಖುಗಳ ಈ ಕೂಡಿಕೆ ಆಕಸ್ಮಿಕವೇ ಸರಿ. ಆದರೆ ನೆನಪಿಡಲು ನಮಗೆ ಇಂಥ ಆಕಸ್ಮಿಕಗಳು ಬೇಕು.

ಎರಡನೆಯ ಸಲ ಸಂಗೊಳ್ಳಿಗೆ ಹೋದಾಗ ನಾನು ಎಲ್ಲಿಯೂ ಕೋಣೆ ಹಿಡಿದಿರಲಿಲ್ಲ. ಅದೇ ಕಟ್ಟೆ, ಅದೇ ಹಿರಿಯರು. ಗುರುತು ಹಿಡಿದು, "ಈ ಸಲ ಮುಂಗಡ ಎಲ್ಲಿ ಕೊಟ್ಟೀರಿ?" ಎಂದು ನಕ್ಕರು. ಅವರ ಪಡಸಾಲೆಯಲ್ಲಿ ಕುಳಿತೆ. ನೀರು ಬಂತು, ಬೆಲ್ಲ ಬಂತು. ಅದು ಇದು ಮಾತಾಡುತ್ತ ಹಿರಿಯರು, "ಅಂದಂಗ ನೀವು ಯಾವ ಪೈಕಿರೀ ಸರ?" ಎಂದು ತೆಗೆದರು. ಒಳಗೆ ಒಲೆಯ ಮುಂದೆ ಕುಳಿತಿದ್ದ ಅಜ್ಜಿ ಅಲ್ಲಿಂದಲೇ, "ಹಸದ ಬಂದವ್ರಿಗೆ ಅದೇನ ಕೇಳ್ತಿ? ಮೊದಲ ಉಣ್ಣಾಕ ಕರಿ" ಎಂದು ಗದರಿಸಿದಳು. ಹಿರಿಯರು ಮೋರೆ ತಗ್ಗಿಸಿದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಆ ಪ್ರಶ್ನೆಗೆ ಉತ್ತರ ಕೊಡುವ ಪ್ರಸಂಗ ನನಗೆ ಮತ್ತೆ ಬರಲಿಲ್ಲ.

ಉಂಡಾದ ಮೇಲೆ ಕೌದಿ ಹೊದ್ದು ಕುಳಿತು ನನ್ನ ಮನಸ್ಸಿನಲ್ಲಿದ್ದುದನ್ನು ಕೇಳಿದೆ: ರಾಯಣ್ಣನಿಗೆ ರಾತ್ರಿ ಬಾಗಿಲು ತೆಗೆದವರು ಯಾರಿದ್ದರು, ಯಾವ ಮನೆತನದವರು, ಹೆಸರು ಯಾರಿಗಾದರೂ ನೆನಪಿದೆಯೇ? ಅಜ್ಜಿ ಬಹಳ ಹೊತ್ತು ದೀಪ ನೋಡಿದಳು. "ಬಾಗಲಾ ತಗದವ್ರ ಹೆಸರ ಯಾರ ಬರಕೊಳ್ತಾರ, ತಮ್ಮಾ? ಬರದ್ರ ಅವ್ರೂ ಸಿಕ್ಕ ಬೀಳ್ತಿದ್ರು" ಎಂದಳು. ಎಂ.ಎ. ಓದುವಾಗ ಆಕರಗಳ ಮೇಲೆ ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೆ; ಕಾಗದದಲ್ಲಿ ಇಲ್ಲದ್ದಕ್ಕೂ ಒಂದು ಕಾರಣವಿರುತ್ತದೆ ಎಂಬುದನ್ನು ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ.

ಹಾಗಾದರೆ ಸಂಗೊಳ್ಳಿಗೆ ಹೋಗುವ ವಾಚಕರು ಎಲ್ಲಿ ಉಳಿಯಬೇಕು? ಮಕ್ಕಳು ಮುದುಕರು ಜೊತೆಗಿದ್ದರೆ ಬೆಳಗಾವಿ ಧಾರವಾಡಗಳೇ ಅನುಕೂಲ. ಒಬ್ಬಿಬ್ಬರಾದರೆ ಬೈಲಹೊಂಗಲದಲ್ಲಿ ಉಳಿದು, ಚೆನ್ನಮ್ಮ ಕೊನೆಯ ದಿನಗಳನ್ನು ಕಳೆದ ಊರು ಬೆಳಗಿನ ಜಾವ ಹೇಗಿರುತ್ತದೆಂದು ಕಾಣಬಹುದು. ಉತ್ಸವದ ದಿನಗಳಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಸಂಗೊಳ್ಳಿಯಲ್ಲಿಯೇ ಯಾರಾದರೂ ಕರೆದರೆ ಮಾತ್ರ ಮುಂಗಡದ ನೆಪ ಹೇಳಬೇಡಿ. ಮತ್ತು ನಿಮ್ಮ ಊರಿನಲ್ಲಿ ಬಾಡಿಗೆಗೆ ಕೋಣೆ ಕೇಳಿ ಯಾರಾದರೂ ಬಂದರೆ, ಆ ಅಜ್ಜಿ ಗದರಿಸಿದ ಪ್ರಶ್ನೆಯನ್ನು ನೀವೂ ಕೇಳಬೇಡಿ.

ಮರುದಿನ ನಾನು ನಂದಗಡಕ್ಕೆ ಹೋದೆ. ರಾಯಣ್ಣನ ಸಮಾಧಿಯ ಮೇಲೆ ದೊಡ್ಡದೊಂದು ಆಲದ ಮರವಿದೆ. ಸಂಗಡಿಗನೊಬ್ಬ ನೆಟ್ಟದ್ದೆಂದು ಪ್ರತೀತಿ. ಮಕ್ಕಳಾಗಲೆಂದು ಹರಸಿಕೊಂಡವರು ಕಟ್ಟಿದ ಪುಟ್ಟ ತೊಟ್ಟಿಲುಗಳು ಅಲ್ಲಿ ತೂಗುತ್ತಿದ್ದವು. ಬಿಸಿಲು ಏರಿತ್ತು. ದೂರದಿಂದ ಬಂದ ಕುಟುಂಬವೊಂದು ಬುತ್ತಿ ಬಿಚ್ಚಿ ಮರದ ಕೆಳಗೆ ಕುಳಿತಿತ್ತು. ಅವರು ನನ್ನನ್ನು ನೋಡಿ ತುಸು ಸರಿದು ಜಾಗ ಮಾಡಿದರು. ನಾನೂ ಕುಳಿತೆ.