ಕಾಫಿ ಹೌಸಿನ ಕೆಲಸಗಾರರು

ಅತಿಥಿಯನ್ನು ಸತ್ಕರಿಸುವುದು ಗೃಹಸ್ಥನ ಮುಖ್ಯ ಧರ್ಮಗಳಲ್ಲಿ ಒಂದೆಂದು ನಮ್ಮ ಹಿರಿಯರು ಎಣಿಸಿದ್ದರು. ಮನೆಗೆ ಬಂದವನಿಗೆ ಅನ್ನವಿಕ್ಕಿ ಹಣ ಕೇಳುವುದು ಆ ಕಾಲದಲ್ಲಿ ಅಪಚಾರವೇ ಸರಿ. ರೈಲು, ಕಚೇರಿ, ಕಾಲೇಜುಗಳು ಬಂದು ಜನರು ಊರಿಂದೂರಿಗೆ ಸಂಚರಿಸತೊಡಗಿದ ಮೇಲೆ ಅನ್ನವು ಮಾರಾಟದ ಪದಾರ್ಥವಾಯಿತು, ಸತ್ಕಾರವು ಉದ್ಯೋಗವಾಯಿತು. ಈ ಉದ್ಯೋಗದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಲ್ಲಿನ ತಿಂಡಿತೀರ್ಥಗಳ ರುಚಿಯನ್ನೂ, ಅದನ್ನು ಸ್ಥಾಪಿಸಿದ ಮಾಲಿಕನ ಸಾಹಸವನ್ನೂ ವರ್ಣಿಸಿ ಮುಗಿಸುತ್ತಾರೆ. ಲೋಟವನ್ನು ತಂದು ಮೇಜಿನ ಮೇಲಿಡುವ ಕೈ ಯಾರದು, ಆ ಕೈಗೆ ಯಾವ ಆಸರೆಯಿತ್ತು, ಆ ಆಸರೆಯಿಂದ ಆ ಮನುಷ್ಯನು ಎಂಥವನಾದನು ಎಂಬ ಪ್ರಶ್ನೆಗಳು ಹಿಂದೆ ಉಳಿಯುತ್ತವೆ. ಈ ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರವನ್ನು ಕೊಡುವ ಒಂದು ಪ್ರಸಂಗವು ನಮ್ಮ ಬೆಂಗಳೂರಿನ ಹೆಸರಿನೊಡನೆಯೇ ಸೇರಿಕೊಂಡಿರುವುದರಿಂದ, ಅದನ್ನು ಇಲ್ಲಿ ವಾಚಕರ ಮುಂದಿಡುವುದು ಉಚಿತವೆಂದು ತೋರುತ್ತದೆ.

ಮೊದಲು ನಮಗೆಲ್ಲರಿಗೂ ಪರಿಚಿತವಾದ ಉಡುಪಿ ಹೋಟೆಲಿನ ಪದ್ಧತಿಯನ್ನು ನೆನೆದುಕೊಳ್ಳಬೇಕು. ಕರಾವಳಿಯ ಬಡಕುಟುಂಬದ ಬಾಲಕನು ನೆಂಟನೊಬ್ಬನ ಹಿಂದೆ ಮದರಾಸಿಗೋ ಮುಂಬಯಿಗೋ ಹೋಗಿ, ಲೋಟ ತಟ್ಟೆಗಳನ್ನು ತೊಳೆಯುವ ಕೆಲಸಕ್ಕೆ ಸೇರುವನು. ತರುವಾಯ ಮಾಣಿಯಾಗಿ ಗಿರಾಕಿಗಳಿಗೆ ಬಡಿಸುವನು. ಅದೃಷ್ಟವಿದ್ದರೆ ಅಡುಗೆಭಟ್ಟನಾಗಿ, ಇನ್ನೂ ಮೇಲೆ ಹೋದರೆ ಗಲ್ಲಾದ ಮುಂದೆ ಕುಳಿತುಕೊಳ್ಳುವನು. ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ಚಿಕ್ಕ ಕೆಲಸದಿಂದ ಹೊರಟು ಮದರಾಸಿನ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸುವ ಮಟ್ಟಕ್ಕೆ ಬೆಳೆದುದು ಸರ್ವವಿದಿತವಾಗಿದೆ. ಈ ಪದ್ಧತಿಯಲ್ಲಿ ಪೋಷಣೆಯೇ ಇರಲಿಲ್ಲವೆಂದರೆ ಅನ್ಯಾಯವಾದೀತು. ಎರಡು ಹೊತ್ತಿನ ಊಟ, ಮಲಗಲು ಸ್ಥಳ, ಪರಸ್ಥಳದಲ್ಲಿ ತನ್ನ ಭಾಷೆಯ ನಾಲ್ಕು ಜನ ಇಷ್ಟನ್ನು ಅದು ಕೊಟ್ಟಿತು. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರು ಅನೇಕರಿದ್ದಾರೆ. ಆದರೆ ಆ ಪೋಷಣೆಯು ಧಣಿಯ ಸ್ವಭಾವವನ್ನು ನೆಚ್ಚಿಕೊಂಡಿತ್ತು. ಧಣಿಯು ದಯಾಳುವಾಗಿದ್ದರೆ ಅವನು ಮಾಣಿಗೆ ತಂದೆಯ ಸಮಾನ; ಹಾಗಲ್ಲದಿದ್ದರೆ ಮಾಣಿಯ ಮೊರೆಯನ್ನು ಕೇಳುವವರು ಯಾರೂ ಇಲ್ಲ. ದಯೆಯು ಪಿತ್ರಾರ್ಜಿತ ಆಸ್ತಿಯಂತೆ ತಂದೆಯಿಂದ ಮಗನಿಗೆ ತಪ್ಪದೆ ಬರುವ ವಸ್ತುವಲ್ಲವಷ್ಟೆ.

ಇನ್ನು ಕಾಫಿ ಹೌಸಿನ ಪ್ರಸಂಗಕ್ಕೆ ಬರೋಣ. 1929ರಲ್ಲಿ ಆರಂಭವಾದ ಜಾಗತಿಕ ಆರ್ಥಿಕ ಮುಗ್ಗಟ್ಟಿನಿಂದ ಕಾಫಿಯ ಬೆಲೆಯು ಕುಸಿದು, ಕೊಡಗು, ಚಿಕ್ಕಮಗಳೂರು, ಹಾಸನ ಮೊದಲಾದ ಸೀಮೆಗಳ ಬೆಳೆಗಾರರು ಸಂಕಟಕ್ಕೊಳಗಾದರು. ಬೆಳೆಯ ದೊಡ್ಡ ಪಾಲು ಹೊರದೇಶಗಳಿಗೆ ಹೋಗುತ್ತಿದ್ದಿತು. ಸ್ವದೇಶದಲ್ಲಿಯಾದರೋ ದಕ್ಷಿಣದ ಹೊರಗೆ ಕಾಫಿ ಕುಡಿಯುವ ರೂಢಿಯು ವಿರಳವಾಗಿದ್ದಿತು. ದೇಶದೊಳಗೇ ಕಾಫಿಗೆ ಗಿರಾಕಿಗಳನ್ನು ಸಂಪಾದಿಸಬೇಕೆಂಬ ಉದ್ದೇಶದಿಂದ 1935ರ ಶಾಸನದ ಮೇರೆಗೆ ಕಾಫಿ ಸೆಸ್ ಕಮಿಟಿಯು ಏರ್ಪಟ್ಟಿತು. ಈ ಕಮಿಟಿಯು 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ‘ಇಂಡಿಯಾ ಕಾಫಿ ಹೌಸ್’ ಎಂಬ ಹೆಸರಿನ ಮೊದಲನೆಯ ಗೃಹವನ್ನು ತೆರೆಯಿತು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆಗಳು ಮುಚ್ಚಿಹೋದಾಗ ಸ್ವದೇಶದ ಗಿರಾಕಿಯ ಬೆಲೆ ಮತ್ತಷ್ಟು ಹೆಚ್ಚಿತು. 1942ರ ಶಾಸನದಿಂದ ಅಧಿಕಾರ ಪಡೆದು ಬೆಂಗಳೂರಿನಲ್ಲಿ ನೆಲೆಸಿದ ಕಾಫಿ ಬೋರ್ಡು ಈ ಗೃಹಗಳನ್ನು ವಹಿಸಿಕೊಂಡು ನಡೆಯಿಸಿತು. ಆ ದಶಕದಲ್ಲಿ ದೇಶದ ನಾನಾ ನಗರಗಳಲ್ಲಿ ಇವುಗಳ ಸಂಖ್ಯೆಯು ಸುಮಾರು 50ಕ್ಕೆ ಏರಿತೆಂದು ಹೇಳುತ್ತಾರೆ.

ಈ ಗೃಹಗಳಲ್ಲಿ ದುಡಿಯುತ್ತಿದ್ದವರಲ್ಲಿ ದಕ್ಷಿಣದವರು, ಅದರಲ್ಲಿಯೂ ಕೇರಳದವರು ಬಹುಮಂದಿ. ಬಿಳಿಯ ಉಡುಪು, ಬೀಸಣಿಗೆಯಂತೆ ತುರಾಯಿ ಎದ್ದುನಿಂತ ರುಮಾಲು, ನಡುವಿಗೆ ಪಟ್ಟಿ, ಇದು ಬೇರರನ ವೇಷ. ವೇಷವು ಅರಮನೆಯ ಸೇವಕನದಾಗಿದ್ದರೂ ಬದುಕು ಹಾಗಿರಲಿಲ್ಲ. ಬೋರ್ಡಿನ ದೃಷ್ಟಿಯಲ್ಲಿ ಕಾಫಿ ಹೌಸು ಪ್ರಚಾರದ ಒಂದು ಸಾಧನವೇ ಹೊರತು ಅನ್ನದ ಶಾಶ್ವತವಾದ ದಾರಿಯಲ್ಲ. ಜನರಿಗೆ ಕಾಫಿಯ ರುಚಿ ಹತ್ತಿತೆಂದ ಮೇಲೆ ಪ್ರಚಾರದ ಕೆಲಸವು ಮುಗಿಯಿತು. ಪ್ರಚಾರವು ಮುಗಿದ ಮೇಲೆ ಪ್ರಚಾರಕನಿಗೇನು ಕೆಲಸ? 1950ರ ದಶಕದ ನಡುವಿನಲ್ಲಿ ಬೋರ್ಡು ಈ ಗೃಹಗಳನ್ನು ಮುಚ್ಚಿಬಿಡಲು ನಿಶ್ಚಯಿಸಿತು. ಯೌವನವನ್ನೆಲ್ಲ ಅಲ್ಲಿಯೇ ಸವೆಯಿಸಿದ ನೂರಾರು ಮಂದಿಗೆ ಬೀದಿಯ ಪಾಲಾಗುವ ಕಾಲವು ಸನ್ನಿಹಿತವಾಯಿತು.

ಕೆಲಸಗಾರರು ಅಷ್ಟರಲ್ಲಿ ಒಂದು ಸಂಘವನ್ನು ಕಟ್ಟಿಕೊಂಡಿದ್ದರು. ಅವರ ಬೆನ್ನಿಗೆ ನಿಂತವರು ಮಲಬಾರಿನ ಕಮ್ಯೂನಿಸ್ಟ್ ನಾಯಕರಾದ ಎ. ಕೆ. ಗೋಪಾಲನ್‌ರವರು. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನಿಂದ 1957ರಲ್ಲಿ ಲೋಕಸಭೆಗೆ ಆರಿಸಿ ಬಂದವರೂ ಇವರೇ. ಮುಚ್ಚಬೇಡಿರೆಂದು ಬೋರ್ಡನ್ನು ಬೇಡುತ್ತ ಕುಳಿತರೆ ಕಾಲಹರಣವಾದೀತೆಂದೂ, ಕೆಲಸಗಾರರು ತಾವೇ ಸಹಕಾರ ಸಂಘಗಳನ್ನು ಸ್ಥಾಪಿಸಿ ಗೃಹಗಳನ್ನು ನಡೆಯಿಸಬೇಕೆಂದೂ ಅವರು ಸೂಚಿಸಿದರು. ಬಡಿಸುವವನು ಮಾಲಿಕನಾಗುವುದೆಂದರೇನು, ಲೆಕ್ಕಪತ್ರಗಳನ್ನು ಬಲ್ಲವರಾರು, ಬಂಡವಾಳವೆಲ್ಲಿ ಎಂಬ ಸಂದೇಹಗಳು ಸಹಜವಾದುವೇ. ಕೆಲಸಗಾರರಲ್ಲಿ ಇದ್ದುದು ಕಸಬಿನ ತಿಳಿವಳಿಕೆ ಮತ್ತು ಒಬ್ಬರನ್ನೊಬ್ಬರು ನಂಬುವ ಗುಣ, ಇವೆರಡೇ.

1957ನೆಯ ಇಸವಿ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಈ ಬಗೆಯ ಮೊದಲನೆಯ ಸಂಘವು ಹುಟ್ಟಿತು. ಅದೇ ವರ್ಷ ಅಕ್ಟೋಬರ್ 27ರಂದು ದೆಹಲಿಯಲ್ಲಿ ಕೆಲಸಗಾರರ ಒಡೆತನದ ಮೊದಲನೆಯ ‘ಇಂಡಿಯನ್ ಕಾಫಿ ಹೌಸ್’ ಬಾಗಿಲು ತೆರೆಯಿತು. 1958ರಲ್ಲಿ ಕೇರಳದ ತ್ರಿಶ್ಶೂರು, ತಲಶ್ಶೇರಿಗಳಲ್ಲಿ ಗೃಹಗಳು ಆರಂಭವಾದುವು. ಅದೇ ವರ್ಷ ಕಲ್ಕತ್ತೆಯ ಕಾಲೇಜ್ ಸ್ಟ್ರೀಟಿನ ಹಳೆಯ ಆಲ್ಬರ್ಟ್ ಹಾಲಿನಲ್ಲಿದ್ದ ಕಾಫಿ ಹೌಸು ಮುಚ್ಚಿದಾಗ, ಪ್ರೆಸಿಡೆನ್ಸಿ ಕಾಲೇಜು ಮತ್ತು ವಿಶ್ವವಿದ್ಯಾಲಯದ ಅಧ್ಯಾಪಕರು ಸರಕಾರಕ್ಕೆ ಮನವಿಯನ್ನು ಸಲ್ಲಿಸಿ ಅದನ್ನು ಪುನಃ ತೆರೆಯಿಸಿದರು. ಬಡಿಸುವವರಿಗಾಗಿ ಉಣ್ಣುವವರು ಅರ್ಜಿ ಬರೆದ ನಿದರ್ಶನಗಳು ಲೋಕದಲ್ಲಿ ಹೆಚ್ಚಾಗಿ ಸಿಕ್ಕುವುದಿಲ್ಲ.

ಸಹಕಾರದ ತತ್ತ್ವವು ಕನ್ನಡನಾಡಿಗೆ ಹೊಸದಲ್ಲ. 1904ರ ಶಾಸನವಾದ ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಪತ್ತಿನ ಸಂಘವನ್ನು ಸ್ಥಾಪಿಸಿದ್ದರು. ಆದರೆ ಸಾಲಕ್ಕಾಗಿ ಕೂಡಿಕೊಳ್ಳುವುದು ಒಂದು ಬಗೆ, ಹಗಲಿಡೀ ಒಂದೇ ಛಾವಣಿಯ ಕೆಳಗೆ ಕೂಡಿ ದುಡಿಯುವುದು ಇನ್ನೊಂದು ಬಗೆ. ಕಾಫಿ ಹೌಸಿನ ಸಂಘದಲ್ಲಿ ಕೆಲಸಗಾರನೇ ಪಾಲುದಾರನು. ಆಡಳಿತ ಮಂಡಲಿಯನ್ನು ಸದಸ್ಯರು ಮತ ಕೊಟ್ಟು ಆರಿಸುತ್ತಾರೆ. ಪಾಲು ಎಷ್ಟಿದ್ದರೂ ಮತವು ಒಂದೇ. ನೆಲ ಒರಸುವ ಕೆಲಸಕ್ಕೆ ಸೇರಿದವನು ಬೇರರನಾಗಿ, ಅಡುಗೆಯವನಾಗಿ, ಮ್ಯಾನೇಜರನಾಗಿ ಮೆಟ್ಟಲೇರುವುದು ಅಲ್ಲಿನ ರೂಢಿ. ಗಲ್ಲಾದ ಮುಂದೆ ಕುಳಿತವನು ಹಿಂದೊಮ್ಮೆ ತಟ್ಟೆ ಹೊತ್ತವನಾದುದರಿಂದ, ತಟ್ಟೆ ಹೊರುವವನ ಕಾಲುನೋವನ್ನು ಅವನಿಗೆ ವಿವರಿಸಿ ಹೇಳಬೇಕಾದುದಿಲ್ಲ. ಭವಿಷ್ಯನಿಧಿ, ಬೋನಸ್ಸು, ರಜೆ ಇವು ಯಾರೋ ಕರುಣಿಸಿ ಕೊಟ್ಟ ಇನಾಮುಗಳಲ್ಲ. ಉಪನಿಯಮಗಳಲ್ಲಿ ಬರೆದಿಟ್ಟ ಹಕ್ಕುಗಳು.

ಇಂಥ ವ್ಯವಸ್ಥೆಯು ಮನುಷ್ಯನ ನಡತೆಯ ಮೇಲೆ ಯಾವ ಪರಿಣಾಮವನ್ನು ಮಾಡಿತೆಂಬುದು ಮುಖ್ಯವಾದ ವಿಚಾರ. ಕಾಫಿ ಹೌಸನ್ನು ಬಲ್ಲವರೆಲ್ಲರೂ ಒಂದು ಸಂಗತಿಯನ್ನು ಹೇಳುತ್ತಾರೆ. ಒಂದು ಬಟ್ಟಲು ಕಾಫಿ ತರಿಸಿ ಎರಡು ತಾಸು ಕುಳಿತರೂ ಅಲ್ಲಿ ಎದ್ದುಹೋಗೆಂದು ಯಾರೂ ಮುಖ ಸಿಂಡರಿಸುವುದಿಲ್ಲ. ವಿದ್ಯಾರ್ಥಿ, ಲೇಖಕ, ವಕೀಲ, ನಿರುದ್ಯೋಗಿ ಎಲ್ಲರಿಗೂ ಒಂದೇ ಮರ್ಯಾದೆ. ಈ ತಾಳ್ಮೆಯು ಉಪದೇಶದಿಂದ ಬಂದುದಲ್ಲ. ತಲೆಯ ಮೇಲೆ ಧಣಿಯ ಕಣ್ಣಿದ್ದವನು ಗಿರಾಕಿಯನ್ನು ಅವಸರಪಡಿಸುತ್ತಾನೆ, ಇಲ್ಲವೆ ಇನಾಮಿನ ಆಸೆಯಿಂದ ಅತಿಯಾಗಿ ಬಾಗುತ್ತಾನೆ. ಎರಡರ ಮೂಲವೂ ಭಯವೇ. ನಾಳೆಯ ಅನ್ನವು ತನ್ನ ಕೈಯಲ್ಲಿದೆಯೆಂದು ನಂಬಿದವನಿಗೆ ಈ ಎರಡರ ಅವಶ್ಯಕತೆಯೂ ಇಲ್ಲ. ಅವನು ವಿನಯದಿಂದ ಬಡಿಸುತ್ತಾನೆ, ದೈನ್ಯದಿಂದಲ್ಲ. ತಾನು ಪಡೆದ ಗೌರವವನ್ನೇ ಮನುಷ್ಯನು ಪರರಿಗೆ ಕೊಡಬಲ್ಲನು. ಪಡೆಯದುದನ್ನು ಎಲ್ಲಿಂದ ತಂದು ಕೊಡುವನು? ಲೆಕ್ಕ ನೋಡುವುದು, ಸಭೆಯಲ್ಲಿ ಎದ್ದುನಿಂತು ಮಾತನಾಡುವುದು, ಭಿನ್ನಮತವನ್ನು ಸಹಿಸುವುದು ಇವೂ ಆ ಮನೆಗಳಲ್ಲಿ ಅಭ್ಯಾಸಕ್ಕೆ ಬಂದುವು.

ಸಂಘಗಳ ಮಾರ್ಗವು ಹೂವಿನ ಹಾಸಾಗಿರಲಿಲ್ಲ. ತುರ್ತು ಪರಿಸ್ಥಿತಿಯ ದಿನಗಳಲ್ಲಿ, 1976ರಲ್ಲಿ, ದೆಹಲಿಯ ಕನಾಟ್ ಪ್ಲೇಸಿನ ಕಾಫಿ ಹೌಸನ್ನು ಸರಕಾರವು ಕೆಡವಿಹಾಕಿತು. ಅಲ್ಲಿ ಕುಳಿತವರ ನಿರ್ಭೀತವಾದ ಮಾತು ಅಧಿಕಾರದಲ್ಲಿದ್ದವರಿಗೆ ಹಿತವಾಗಿರಲಿಲ್ಲ. ಅದು ಮುಂದೆ ಮೋಹನ್ ಸಿಂಗ್ ಪ್ಲೇಸಿನಲ್ಲಿ ಮರಳಿ ನೆಲೆಗೊಂಡಿತು. ಬೆಂಗಳೂರಿನ ಮಹಾತ್ಮಾಗಾಂಧಿ ರಸ್ತೆಯ ಗೃಹವು 2009ರಲ್ಲಿ ತನ್ನ ಹಳೆಯ ಸ್ಥಳವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ನಗರದ ಬಾಡಿಗೆಯು ಏರಿದಂತೆ, ಅಗ್ಗದ ಕಾಫಿಯನ್ನು ಕೊಡುತ್ತ ಸಂಬಳವನ್ನೂ ಉಳಿಸಿಕೊಳ್ಳುವುದು ಕಠಿಣವಾಯಿತು. ಒಳಗಿನ ದೋಷಗಳೂ ಇಲ್ಲದಿಲ್ಲ. ಎಲ್ಲರ ಒಪ್ಪಿಗೆಯಿಂದ ನಡೆಯುವ ಮನೆಯಲ್ಲಿ ಹೊಸತನವು ನಿಧಾನವಾಗಿ ಬರುತ್ತದೆ. ಮೇಜಿನ ಬಳಿ ಬಡಿಸುವವರು ಬಹುಕಾಲ ಪುರುಷರೇ ಆಗಿದ್ದರು. ಸಮಾನತೆಯನ್ನು ಸಾರಿದ ಸಂಘದ ಬಾಗಿಲು ಸ್ತ್ರೀಯರ ಪಾಲಿಗೆ ಪೂರ್ಣವಾಗಿ ತೆರೆದಿರಲಿಲ್ಲ. ಇಷ್ಟಾದರೂ ಕಾಫಿ ಹೌಸುಗಳ ಸಂಖ್ಯೆಯು ಬೋರ್ಡಿನ ಕಾಲದ 50ರಿಂದ, ಈ ಶತಮಾನದ ಮೊದಲ ದಶಕಗಳ ಹೊತ್ತಿಗೆ ದೇಶದಲ್ಲೆಲ್ಲ ಸುಮಾರು 400ಕ್ಕೆ ಬೆಳೆಯಿತೆಂಬುದನ್ನು ಮರೆಯಲಾಗದು. ಬೋರ್ಡು ಬೇಡವೆಂದು ಬಿಟ್ಟುದನ್ನು ಬೇರರರು ಎಂಟುಮಡಿ ಮಾಡಿದರು.

ಈ ಚರಿತ್ರೆಯಿಂದ ಧಣಿಗಳೆಲ್ಲರೂ ಕೆಟ್ಟವರು, ಸಂಘಗಳೆಲ್ಲವೂ ಒಳ್ಳೆಯವು ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಮಾಣಿಯನ್ನು ಮಗನಂತೆ ಕಂಡ ಹೋಟೆಲಿನವರು ನಮ್ಮ ನಾಡಿನಲ್ಲಿ ಇದ್ದರು, ಇದ್ದಾರೆ. ಆದರೆ ಅಕ್ಕರೆಯು ಒಬ್ಬನ ಹೃದಯದಲ್ಲಿ ಮಾತ್ರ ನೆಲೆಸಿದರೆ ಅದು ಅವನೊಡನೆಯೇ ತೀರಿಹೋಗುತ್ತದೆ. ನಿಯಮದಲ್ಲಿಯೂ ಒಡೆತನದಲ್ಲಿಯೂ ನೆಲೆಸಿದರೆ ಮುಂದಿನ ತಲೆಮಾರಿಗೂ ಸಲ್ಲುತ್ತದೆ. ಅತಿಥಿಯನ್ನು ದೇವರೆಂದು ಕರೆದ ದೇಶದಲ್ಲಿ, ಅತಿಥಿಗೆ ಬಡಿಸುವವನನ್ನು ಮನುಷ್ಯನೆಂದು ಕಾಣುವುದು ಸತ್ಕಾರದ ಮೊದಲನೆಯ ಪಾಠವಾಗಬೇಕು. ಆ ಪಾಠವನ್ನು ಕಲಿಸಿದವರು ಪಂಡಿತರಲ್ಲ, ರುಮಾಲು ಸುತ್ತಿ ಕಾಫಿ ಹೊತ್ತು ತಂದ ಕೆಲಸಗಾರರು.