ಅಡ್ಡಿಯಾಗಿದ್ದ ಗಾಳಿ ನೆರವಿಗೆ ಬಂದ ಕಥೆ

ಬೈಸಿಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿ ನೋಡಿ. ಒಳಗಿನ ಗಾಳಿ ಸ್ಪ್ರಿಂಗಿನಂತೆ ನಿಮ್ಮ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಧ್ವನಿವರ್ಧಕದ ಇತಿಹಾಸದಲ್ಲಿ ಈ ಸರಳ ಸಂಗತಿಗೆ ದೊಡ್ಡ ಸ್ಥಾನವಿದೆ.

1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ಹೊಸ ಧ್ವನಿವರ್ಧಕವೊಂದನ್ನು ವಿವರಿಸಿದರು. ಅಯಸ್ಕಾಂತದ ನಡುವೆ ಚಲಿಸುವ ತಂತಿಸುರುಳಿ ಕಾಗದದ ಶಂಕುವನ್ನು ಕಂಪಿಸುವಂತೆ ಮಾಡುತ್ತದೆ. ಇಂದಿನ ಬಹುಪಾಲು ಧ್ವನಿವರ್ಧಕಗಳ ಮೂಲತತ್ತ್ವ ಇದೇ.

ಆದರೆ ಶಂಕುವಿನ ಹಿಂಬದಿಯ ಅಲೆಗಳು ಮುಂಬದಿಯ ಅಲೆಗಳೊಡನೆ ಬೆರೆತರೆ ಮಂದ್ರಸ್ವರಗಳು ಅಳಿದುಹೋಗುತ್ತವೆ. ಹಿಂಬದಿಯನ್ನು ಚಿಕ್ಕ ಪೆಟ್ಟಿಗೆಯಲ್ಲಿ ಮುಚ್ಚಿದರೆ ಒಳಗಿನ ಗಾಳಿ ಶಂಕುವಿನ ಚಲನೆಗೆ ಅಡ್ಡಿಯಾಗುತ್ತದೆ. ಆದ್ದರಿಂದ ಒಳ್ಳೆಯ ಮಂದ್ರಕ್ಕೆ ಬೀರುವಿನಂತಹ ದೊಡ್ಡ ಪೆಟ್ಟಿಗೆ ಬೇಕೆಂಬ ನಂಬಿಕೆ ಬೆಳೆಯಿತು.

ಎಡ್ಗರ್ ವಿಲ್ಚರ್ ಈ ಅಡ್ಡಿಯನ್ನೇ ನೆರವಾಗಿಸಿಕೊಂಡರು. ಶಂಕುವನ್ನು ಹಿಡಿದಿಡುವ ಬಿಗಿಯಾದ ಅಂಚು ಧ್ವನಿಯನ್ನು ವಿಕೃತಗೊಳಿಸುತ್ತದೆ. ಅದನ್ನು ಸಡಿಲಗೊಳಿಸಿ, ಪೆಟ್ಟಿಗೆಯಲ್ಲಿ ಸೆರೆಯಾದ ಗಾಳಿಗೇ ಸ್ಪ್ರಿಂಗಿನ ಕೆಲಸ ವಹಿಸಿದರು. 1954ರಲ್ಲಿ ತಮ್ಮ ವಿದ್ಯಾರ್ಥಿ ಹೆನ್ರಿ ಕ್ಲಾಸ್ ಜೊತೆಗೂಡಿ ಮೆಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಎಆರ್-1 ಚಿಕ್ಕ ಪೆಟ್ಟಿಗೆಯಿಂದಲೇ ಆಳವಾದ ಮಂದ್ರವನ್ನು ನುಡಿಸಿತು. ಇದಕ್ಕೆ ತೆತ್ತ ಬೆಲೆಯೆಂದರೆ, ಹೆಚ್ಚು ಶಕ್ತಿಯ ಆಂಪ್ಲಿಫೈಯರ್ ಅಗತ್ಯವಾಯಿತು.

1958ರಲ್ಲಿ ಎಆರ್-3 ಬಂದಿತು. ಮುಂದೆ ಈ ಸಂಸ್ಥೆ ಬಹಿರಂಗ ಪರೀಕ್ಷೆಗಳನ್ನೇ ಏರ್ಪಡಿಸಿತು. ವೇದಿಕೆಯಲ್ಲಿ ಫೈನ್ ಆರ್ಟ್ಸ್ ಕ್ವಾರ್ಟೆಟ್ ವಾದಕರು ನುಡಿಸುತ್ತಿದ್ದಂತೆ, ನಡುವೆ ಧ್ವನಿಮುದ್ರಿಕೆ ಅವರ ಸ್ಥಾನವನ್ನು ವಹಿಸಿಕೊಳ್ಳುತ್ತಿತ್ತು. ಈ ಬದಲಾವಣೆ ಅನೇಕ ಸಭಿಕರಿಗೆ ತಿಳಿಯಲೇ ಇಲ್ಲ.

ನಿಮ್ಮ ಪ್ರಯೋಗದಲ್ಲಿ ಅಡ್ಡಿಯೊಂದು ಎದುರಾದಾಗ ವಿಲ್ಚರ್ ಅವರನ್ನು ನೆನೆಯಿರಿ. ಅದನ್ನು ತೊಲಗಿಸುವ ಮುನ್ನ, ಅದರಿಂದ ಕೆಲಸ ಮಾಡಿಸಿಕೊಳ್ಳಬಹುದೇ ಎಂದು ಯೋಚಿಸಿ.